ಬಾಗಿಲ ಮೇಲಿನ ನಾಲ್ಕು

ಮಾರ್ಚ್ ೪

ಪ್ರೀತಿಯ ಗುಂಡಣ್ಣಾ,

ನೀನು ಕಳಿಸಿದ ಫ್ರಿಜ್ಜು ಅಂತೂ ಇಂತೂ ಮನೆ ಸೇರಿತು. ಸೋಮವಾರ ಎಂದವರು ಗುರುವಾರ ಎಂದರು, ಗುರುವಾರ ಫೋನೇ ಎತ್ತಲಿಲ್ಲ. ಅವರ ದಾರಿ ಕಾಯುತ್ತ ನಾನು ಅಚ್ಚುಕೂಟಕ್ಕೆ ರಜೆ ಹಾಕಿದ್ದೇ ಹಾಕಿದ್ದು. ತಿದ್ದಬೇಕಾದ ಕರಡುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿವೆ. ನಿನ್ನೆ ಬಂದವನೂ ಇಳಿಸುವ ಮೊದಲೇ ಸಹಿ ಕೇಳಿದ.

"ಪೆಟ್ಟಿಗೆ ಬಿಚ್ಚಿ ನೋಡದೆ ಹೇಗಪ್ಪಾ ಸಹಿ ಹಾಕ್ಲಿ?" ಎಂದೆ.

"ಒಳಗಿರೋದು ಫ್ರಿಜ್ಜೇ ಅಮ್ಮಾ, ಆನೆಮರಿ ಅಲ್ಲ. ಸಹಿ ಆಗ್ದೆ ನಾವು ಇಳಿಸೋ ಹಾಗಿಲ್ಲ" ಎಂದ. ಹಾಕಿದೆ.

ಅಮ್ಮನ ಸಂಭ್ರಮವನ್ನು ನೀನು ನೋಡಬೇಕಿತ್ತು. ಬಾಗಿಲಲ್ಲೇ ನಿಂತು ಹೋಗಿಬರುವವರಿಗೆಲ್ಲ, "ನನ್ನ ಮಗ ಕಳಿಸಿದ್ದು, ಅಂಗಡೀಲಿ ತಾನೇ ನಿಂತು ಆರಿಸಿದ್ದು" ಎನ್ನುತ್ತಿದ್ದಳು. ಬಸ್ಸಿನಲ್ಲಿ ಟಿಕೆಟ್ ಕೊಟ್ಟು ಗಟ್ಟಿಯಾದ ಗಂಟಲು. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಇನ್ನು ಇನ್ಸುಲಿನ್ನಿಗಾಗಿ ಮಂಡಿ ಹಿಡಿದುಕೊಂಡು ಮೇಲಿನ ಮನೆಯವರ ಫ್ರಿಜ್ಜಿನವರೆಗೆ ಮೆಟ್ಟಿಲು ಹತ್ತುವುದು ತಪ್ಪಿತಲ್ಲ ಎಂದು ಅವಳಿಗೆ ಅದೇ ದೊಡ್ಡ ನೆಮ್ಮದಿ. ಮೂರು ತಿಂಗಳಿಗಾಗುವಷ್ಟು ಬಾಟಲಿಗಳನ್ನೂ ಅಲ್ಲಿಂದ ತಂದು ತಾನೇ ಜೋಡಿಸಿದ್ದಾಳೆ. ಬಾಗಿಲ ಮೇಲೆ ನೀಲಿ ಬೆಳಕಿನಲ್ಲಿ ನಾಲ್ಕು ಎಂಬ ಅಂಕಿ ಬರುತ್ತದೆ. ಒಳಗಿನ ತಂಪು ಅಷ್ಟು ಡಿಗ್ರಿ ಎಂದು ಅರ್ಥವಂತೆ. ಹೋಗುತ್ತಾ ಬರುತ್ತಾ ಅಮ್ಮ ಅದನ್ನು ನೋಡುತ್ತಾಳೆ.

ಒಂದು ಮಾತು ಕೇಳಲೇ? ಪೆಟ್ಟಿಗೆಯ ಮೇಲೆ ಒಂದು ಅಂಟುಪಟ್ಟಿ, ಅದರ ಮೇಲೆ ಇನ್ನೊಂದು. ತರಕಾರಿ ಡಬ್ಬದ ಹಿಡಿಯ ಹತ್ತಿರ ಉಗುರುಬಣ್ಣದಂತೆ ಕೆಂಪು ಗೆರೆ. ತಪ್ಪು ಹುಡುಕುವುದೇ ಹೊಟ್ಟೆಪಾಡಾದವಳ ಕಣ್ಣು, ಸುಮ್ಮನಿರುವುದಿಲ್ಲ. ಇದು ಹೊಸದೇ ತಾನೆ?

ನಿನ್ನ ಅಕ್ಕ


ಮಾರ್ಚ್ ೧೨

ಅಕ್ಕಾ,

ಹೊಸದಲ್ಲದೆ ಮತ್ತೇನು? ನಿನಗೆ ಮೊಸರಿನಲ್ಲೂ ಕಲ್ಲು ಸಿಗುತ್ತದೆ. ಗೋದಾಮಿನಿಂದ ಗೋದಾಮಿಗೆ ಹೋಗುವಾಗ ಅಂಟುಪಟ್ಟಿ ಕಿತ್ತುಹೋದರೆ ಮೇಲೊಂದು ಹಾಕುತ್ತಾರೆ. ಕೆಂಪು ಗೆರೆ ಕಾರ್ಖಾನೆಯಲ್ಲಿ ತಪಾಸಣೆ ಮುಗಿದ ಮೇಲೆ ಹಾಕುವ ಗುರುತು. ನಾನು ಟಿವಿ ವಿಭಾಗದವನಾದರೂ ಇಷ್ಟು ಗೊತ್ತಿರುತ್ತದೆ.

ಇಲ್ಲಿ ಬಿಡುವೇ ಇಲ್ಲ. ನಮ್ಮ ಶಾಖೆಗೆ ಗೋಡೆಯಷ್ಟು ದೊಡ್ಡ ಟಿವಿಗಳು ಬಂದಿವೆ. ನೋಡಲು ಊರೆಲ್ಲ ಬರುತ್ತದೆ, ಕೊಳ್ಳಲು ಯಾರೂ ಇಲ್ಲ. ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತವೆ.

ಅಮ್ಮ ಎಲ್ಲರಿಗೂ ಹೇಳಿಕೊಂಡಳು ಎಂದು ಓದಿ ಎಷ್ಟು ಹಿಗ್ಗಾಯಿತು ಗೊತ್ತಾ? ಅವಳಿಗೆ ನಾನು ಕೊಟ್ಟ ಮೊದಲ ದೊಡ್ಡ ವಸ್ತು ಅದು. ಅವಳ ಮುಂದೆ ಈ ಅನುಮಾನವನ್ನೆಲ್ಲ ಆಡಬೇಡ.

ನಿನ್ನ ಗುಂಡ


ಏಪ್ರಿಲ್ ೨

ಪ್ರೀತಿಯ ಗುಂಡಣ್ಣಾ,

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಫೋನು ಇರುವುದು ನಡುಮನೆಯಲ್ಲಿ, ಅಮ್ಮ ಇರುವುದೂ ನಡುಮನೆಯಲ್ಲಿ. ಅವಳ ಕಿವಿ ಈಗಲೂ ಬಲು ಚುರುಕು.

ಮೊದಲು ಫ್ರಿಜ್ಜಿನ ಕಥೆ. ಒಂದು ದಿನ ಹಾಲು ಕಲ್ಲಾಗಿರುತ್ತದೆ, ಇನ್ನೊಂದು ದಿನ ಒಡೆದಿರುತ್ತದೆ. ಬಾಗಿಲ ಮೇಲೆ ಮಾತ್ರ ಯಾವಾಗಲೂ ನಾಲ್ಕು. ನಿಮ್ಮ ಅಂಗಡಿಯ ದೂರಿನ ನಂಬರಿಗೆ ಫೋನ್ ಮಾಡಿದರೆ ಹೆಣ್ಣುದನಿಯೊಂದು "ನಿಮ್ಮ ಕರೆ ನಮಗೆ ಅಮೂಲ್ಯ" ಎನ್ನುತ್ತದೆ, ಆಮೇಲೆ ಸಂಗೀತ. ಅಷ್ಟು ಅಮೂಲ್ಯವಾದರೆ ಎತ್ತಬಾರದೇ? ಇಲ್ಲಿನ ಶಾಖೆಗೇ ಹೋದೆ. ಕೊಳ್ಳುವವರಿಗೆ ಮುಂಬಾಗಿಲು, ತಣ್ಣನೆ ಗಾಳಿ, ಕೂರಲು ಸೋಫಾ. ದೂರು ಕೊಡುವವರಿಗೆ ಹಿಂಬದಿಯಲ್ಲಿ ಕಿಟಕಿ, ಟೋಕನ್ನು, ಒಂದೇ ಬೆಂಚು. ನನ್ನ ಸರದಿ ಬರುವಷ್ಟರಲ್ಲಿ ಕಿಟಕಿಯವನು ಊಟಕ್ಕೆ ಎದ್ದ. ಮರುವಾರ ಮೆಕ್ಯಾನಿಕ್ ಬಂದ. ಬಾಗಿಲ ಮೇಲಿನ ಅಂಕಿ ನೋಡಿದ.

"ನಾಲ್ಕು ತೋರಿಸ್ತಿದೆಯಲ್ಲಮ್ಮಾ, ಸರಿಯಾಗಿದೆ."

"ಹಾಲು ಒಡೀತಿದೆಯಲ್ಲಪ್ಪಾ."

"ಹಾಗಾದ್ರೆ ಹಾಲಿಂದೇ ತೊಂದರೆ ಇರ್ಬೇಕು."

ಇಷ್ಟು ಹೇಳಿ, ಒಳಗೆ ಕೈ ಕೂಡ ಹಾಕದೆ ಹೋದ.

ಅದಿರಲಿ, ಬರೆಯಲು ಕೂತದ್ದು ಬೇರೆಯದಕ್ಕೆ. ಅಮ್ಮನ ಸಕ್ಕರೆ ಏರುತ್ತಿದೆ ಗುಂಡಾ. ಸೂಜಿ ತಪ್ಪಿಸಿಲ್ಲ, ನಾನೇ ಚುಚ್ಚುತ್ತೇನೆ. ಆದರೂ ಏರುತ್ತಿದೆ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಕದ್ದುಮುಚ್ಚಿ ಏನಾದ್ರೂ ತಿಂತಾರಾ, ಸ್ವಲ್ಪ ಗಮನಿಸಿ" ಎಂದರು. ನಾನು ಇಲ್ಲ ಎಂದೆ. ಮನೆಗೆ ಬಂದು ನೋಡಿದರೆ ಜಾಮಿನ ಬಾಟಲಿ ಅರ್ಧ ಖಾಲಿ. ನಾನು ಜಾಮು ಮುಟ್ಟುವವಳಲ್ಲ. ನಿನ್ನ ಭಾವ ರೈಲು ಹತ್ತಿದರೆ ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ಇನ್ನು ಉಳಿದವರು ಯಾರು?

ನಿನಗೇನನಿಸುತ್ತದೆ?

ಅಕ್ಕ


ಏಪ್ರಿಲ್ ೫

ಅಕ್ಕಾ,

ನಿನ್ನ ಕಾಗದ ಕೈಗೆ ಬಂದ ಕೂಡಲೇ ಬರೆಯುತ್ತಿದ್ದೇನೆ. ನನಗಂತೂ ಅನುಮಾನವೇ ಇಲ್ಲ. ಅಮ್ಮನ ನಾಲಿಗೆ ನಿನಗೆ ಗೊತ್ತಿಲ್ಲವೇ? ಡಿಪೋದಿಂದ ಬರುವಾಗ ಚೀಲದಲ್ಲಿ ನಮಗೆಂದು ಬಿಸ್ಕತ್ತು ತರುತ್ತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಪೊಟ್ಟಣ ಅರ್ಧವಾಗಿರುತ್ತಿತ್ತು. "ದಾರೀಲಿ ಇಲಿ ತಿಂತು" ಎಂದು ನಗುತ್ತಿದ್ದಳು. ವಯಸ್ಸಾದ ಮೇಲೆ ಚಪಲ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೇಳಿದರೆ ಒಪ್ಪಿಕೊಳ್ಳುವುದಿಲ್ಲ, ಕೇಳಲೇ ಬೇಡ. ಬೀರುವಿಗೆ ಬೀಗ ಹಾಕು.

ಹಾಲಿನ ವಿಷಯ: ಬಾಗಿಲು ಪದೇ ಪದೇ ತೆಗೆದರೆ ಯಾವ ಫ್ರಿಜ್ಜಾದರೂ ಹಾಗೇ ಆಗುತ್ತದೆ. ಹೊಸ ಯಂತ್ರ ಒಗ್ಗಿಕೊಳ್ಳಲು ಸಮಯ ಬೇಕು. ಅಂಗಡಿಗೆ ಮತ್ತೆ ಮತ್ತೆ ಹೋಗಿ ದಣಿಯಬೇಡ. ನಾನೇ ಒಳಗಿನಿಂದ ವಿಚಾರಿಸುತ್ತೇನೆ.

ಗುಂಡ


ಏಪ್ರಿಲ್ ೨೮

ಗುಂಡಾ,

ನೀನು ಹೇಳಿದ ಹಾಗೆ ಬೀಗ ಹಾಕಿದೆ. ಸಕ್ಕರೆ, ಬೆಲ್ಲ, ಬಿಸ್ಕತ್ತು, ಜಾಮು ಎಲ್ಲ ಒಳಗೆ. ಕೀಲಿ ನನ್ನ ಕೊರಳ ಸರದಲ್ಲಿ. ಬೀಗ ಬಿದ್ದ ಸದ್ದಿಗೆ ಅಮ್ಮ ತಲೆಯೆತ್ತಿದಳು.

"ಯಾಕೇ ಬೀಗ? ಮನೇಲಿ ಕಳ್ಳರಿದ್ದಾರಾ?"

"ಇರುವೆ ಬರ್ತಿದೆ ಅಮ್ಮಾ."

"ಬೀಗ ಹಾಕಿದ್ರೆ ಇರುವೆ ಬರಲ್ವಾ?" ಎಂದಳು. ನಾನು ಕೀಲಿಯನ್ನು ಸರಕ್ಕೆ ಪೋಣಿಸಿದೆ. ಅವಳು ಮೆಲ್ಲಗೆ, "ನಾನು ಏನೂ ತಿಂದಿಲ್ಲ ಕಣೇ" ಎಂದಳು. ನಾನಿನ್ನೂ ಕೇಳಿಯೇ ಇರಲಿಲ್ಲ ನೋಡು. ಕೇಳದೆ ಯಾರಾದರೂ ಉತ್ತರ ಕೊಡುತ್ತಾರಾ? ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು.

ಆದರೆ ಸಕ್ಕರೆ ಇಳಿಯುತ್ತಿಲ್ಲ. ಡಾಕ್ಟರಮ್ಮ ಸೂಜಿಯ ಪ್ರಮಾಣ ಹೆಚ್ಚಿಸಿದರು, ಆದರೂ ಇಲ್ಲ. ಅಮ್ಮ ಸೊರಗಿದ್ದಾಳೆ. ರವಿಕೆ ತೋಳುಗಳು ಜೋತುಬಿದ್ದಿವೆ. ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ, ಎದ್ದೆದ್ದು ಹೋಗುತ್ತಾಳೆ. ನಾನು ಅವಳ ದಿಂಬು ಎತ್ತಿ ನೋಡಿದೆ, ಹಳೆಯ ಚೀಲ ತಡಕಿದೆ, ಮೇಲಿನ ಮನೆಯವರಿಗೂ "ಅಮ್ಮ ಬಂದ್ರೆ ಏನೂ ಕೊಡ್ಬೇಡಿ" ಎಂದು ಹೇಳಿ ಬಂದೆ. ಅದು ಹೇಗೋ ಅವಳಿಗೆ ತಿಳಿದಿದೆ. ಎಂಟು ದಿನವಾಯಿತು, ಹೂಂ ಉಹೂಂ ಬಿಟ್ಟರೆ ಮಾತಿಲ್ಲ. ತಟ್ಟೆಯನ್ನು ಅರ್ಧ ಮುಗಿಸಿ ನನ್ನ ಕಡೆ ತಳ್ಳುತ್ತಾಳೆ, ಲೆಕ್ಕ ನೋಡಿಕೋ ಎನ್ನುವ ಹಾಗೆ.

ಹೊಸ ಫ್ರಿಜ್ಜು ಒಗ್ಗಿಕೊಳ್ಳುವ ಲಕ್ಷಣ ಕಾಣೆ. ನೀನು ಬೇಡ ಎಂದರೂ ಅಂಗಡಿಗೆ ಹೋದೆ. ಈ ಸಲ ಮ್ಯಾನೇಜರೇ ಸಿಕ್ಕ. ಸರಕಿನ ನಂಬರು ನೋಡಿ ಅವನ ಮುಖ ಬದಲಾಯಿತು. "ಇದು ನಮ್ಮ ಶಾಖೆಯ ಮಾಲಲ್ಲ ಮೇಡಂ, ಸಿಬ್ಬಂದಿ ಯೋಜನೇದು. ಯಾರು ಕೊಂಡ್ರೋ ಅವರನ್ನೇ ಕೇಳಿ" ಎಂದ.

ಸಿಬ್ಬಂದಿ ಯೋಜನೆ ಎಂದರೆ ಏನು? ನೀನು ಒಳಗಿನಿಂದ ವಿಚಾರಿಸುವುದು ಎಲ್ಲಿಗೆ ಬಂತು?

ಅಕ್ಕ


ಮೇ ೧೦

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಔಷಧಿಯನ್ನು ಸದ್ಯಕ್ಕೆ ಮೇಲಿನ ಮನೆಯವರ ಫ್ರಿಜ್ಜಿನಲ್ಲೇ ಇಡು. ಸಾಧ್ಯವಾದರೆ ಹೊಸ ಬಾಟಲಿಯನ್ನೇ ಕೊಂಡುಬಿಡು. ಸುಮ್ಮನೆ ಮುಂಜಾಗ್ರತೆಗೆ ಅಷ್ಟೆ, ಗಾಬರಿಯಾಗುವಂಥದ್ದು ಏನೂ ಇಲ್ಲ. ಸಿಬ್ಬಂದಿ ಯೋಜನೆ ಎಂದರೆ ನಮಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ, ಬೇರೇನಿಲ್ಲ.

ಗುಂಡ


ಮೇ ೧೬

ನಿನ್ನ ಕಾಗದ ಇವತ್ತು ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಮನೆಗೆ ಬಂದಾಗ ಸಿಕ್ಕಿತು. ಹೌದು, ಆಸ್ಪತ್ರೆ. ಅಮ್ಮ ಬದುಕಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹನ್ನೊಂದರಂದು ಮತ್ತೆ ಅಂಗಡಿಯ ಹಿಂಬದಿಯ ಆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ದರ್ಜಿ ಹೆಂಗಸು, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೊಟ್ಟು ತಿಂಗಳಾಯಿತಂತೆ.

"ನಿಮ್ಮದೇನು?" ಎಂದಳು.

"ಫ್ರಿಜ್ಜು. ಒಂದಿನ ಮಂಜು, ಒಂದಿನ ಬೆಚ್ಚಗೆ. ಬಾಗಿಲ ಮೇಲೆ ಮಾತ್ರ ನಾಲ್ಕು."

ಅವಳು ನಕ್ಕುಬಿಟ್ಟಳು. "ನಮ್ಮದೂ ಥೇಟ್ ಹಂಗೇ ಇತ್ತು ಕಣ್ರೀ. ಜಗಳ ಆಡಿ ಆಡಿ ವಾಪಸು ಕೊಟ್ಟೆ. ಡಬ್ಬದ ಹಿಡಿ ಬಿರುಕು ಬಿಟ್ಟಿತ್ತು. ನಂದೇ ಉಗುರುಬಣ್ಣ ಹಚ್ಚಿ ಅಂಟಿಸಿದ್ದೆ. ಅದಕ್ಕೂ ತಕರಾರು ತೆಗೆದ್ರು."

"ಯಾವ ಬಣ್ಣ?" ಎಂದು ಕೇಳಿದೆ. ಅವಳು ತನ್ನ ಬೆರಳುಗಳನ್ನು ಚಾಚಿ ತೋರಿಸಿದಳು. ಅದೇ ಕೆಂಪು.

ಆ ಗೆರೆ ಮತ್ತೆ ನೋಡಬೇಕೆಂದು ಟೋಕನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಉಸಿರು ಜೋರಾಗಿ ಎಳೆಯುತ್ತಿದ್ದಳು, ಕರೆದರೆ ಗುರುತಿಲ್ಲ. ಪಕ್ಕದಲ್ಲಿ ನೀರಿನ ಲೋಟ ಉರುಳಿತ್ತು. ಆ ಹೊತ್ತಿನಲ್ಲೂ ನಾನು ಏನು ಮಾಡಿದೆ ಗೊತ್ತಾ? ಅವಳ ಬಾಯಿಯ ಹತ್ತಿರ ಬಗ್ಗಿ ಸಿಹಿಯ ವಾಸನೆ ಬರುತ್ತದೆಯೇ ಎಂದು ನೋಡಿದೆ. ಬಂದಿತು. ಇನ್ನೂ ತಿನ್ನುತ್ತಿದ್ದಾಳಲ್ಲ ಎಂದುಕೊಂಡೆ. ಸಕ್ಕರೆ ಮಿತಿಮೀರಿದಾಗ ಉಸಿರೇ ಹಾಗೆ ನಾರುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಡಾಕ್ಟರಮ್ಮ ನಮ್ಮ ಇನ್ಸುಲಿನ್ ಬಾಟಲಿ ತರಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಹಿಟ್ಟಿನಂಥ ಸಣ್ಣ ಕಾಳುಗಳು. "ಇದು ಹೆಪ್ಪುಗಟ್ಟಿ ಕರಗಿದೆ. ಒಂದು ಸಲ ಹಾಗಾದ್ರೆ ಮುಗೀತು, ಚುಚ್ಚಿದ್ರೂ ಒಂದೇ ಬಿಟ್ರೂ ಒಂದೇ. ಎಲ್ಲಿಟ್ಟಿದ್ರಿ?" ಎಂದರು. ಹೊಸ ಔಷಧಿ ಹಾಕಿದರು. ಮರುದಿನವೇ ಸಕ್ಕರೆ ಇಳಿಯತೊಡಗಿತು.

ನಿನ್ನ ಭಾವ ರೈಲಿನಿಂದ ಇಳಿದವರೇ ಆಸ್ಪತ್ರೆಗೆ ಬಂದರು. ಜಾಮಿನ ವಿಷಯ ಕೇಳಿ ಬೆಪ್ಪಾಗಿ ನಿಂತರು. "ಅದು ನಾನೇ ಕಣೇ. ಡ್ಯೂಟಿಗೆ ಹೊರಡೋವಾಗೆಲ್ಲ ಬ್ರೆಡ್ಡಿಗೆ ಹಚ್ಕೊಂಡು ತಿಂತಿದ್ದೆ. ನೀನು ನನ್ನ ಕೇಳ್ಲೇ ಇಲ್ವಲ್ಲ."

ಈಗ ನೀನು ಹೇಳು. ಔಷಧಿಯನ್ನು ಮೇಲಿನ ಮನೆಯಲ್ಲಿಡು ಎಂದು ಬರೆದೆಯಲ್ಲ, ಯಾಕೆ? ನಿನಗೆ ಏನು ಗೊತ್ತಿತ್ತು? ಯಾವತ್ತಿನಿಂದ ಗೊತ್ತಿತ್ತು?


ಮೇ ೨೭

ಹನ್ನೊಂದು ದಿನವಾಯಿತು. ಉತ್ತರವಿಲ್ಲ. ಫೋನ್ ಮಾಡಿದರೆ ನಿನ್ನ ಅಂಗಡಿಯವರು, "ಅವರು ಈಗ ಇಲ್ಲಿಲ್ಲ" ಎಂದು ಇಟ್ಟುಬಿಟ್ಟರು. ಊಟಕ್ಕೆ ಹೋದವನನ್ನೂ ಹಾಗೇ ಹೇಳುತ್ತಾರೆ, ಓಡಿಹೋದವನನ್ನೂ ಹಾಗೇ ಹೇಳುತ್ತಾರೆ. ನೀನು ಯಾವುದು?

ಅಮ್ಮ ಮನೆಗೆ ಬಂದಿದ್ದಾಳೆ. ಬೀಗ ತೆಗೆದಿದ್ದೇನೆ. ಬೀರು ಹಾರುಹೊಡೆದಿದ್ದರೂ ಅವಳು ಅತ್ತ ತಿರುಗಿ ನೋಡುವುದಿಲ್ಲ.


ಜೂನ್ ೩

ಅಕ್ಕಾ,

ಓಡಿಹೋಗಿಲ್ಲ. ಏನು ಬರೆಯಲಿ ಎಂದು ತಿಳಿಯದೆ ಕೂತಿದ್ದೆ.

ಸಿಬ್ಬಂದಿ ಯೋಜನೆಯಲ್ಲಿ ನಮಗೆ ಕೊಡುವುದು ಅಂಗಡಿಯಲ್ಲಿ ತೋರಿಕೆಗೆ ನಿಲ್ಲಿಸಿದ್ದ ಮಾಲು. ಬರೀ ನಿಂತಿದ್ದ ಮಾಲು, ಬಳಸಿದ್ದಲ್ಲ ಎಂದು ನಮಗೆ ಹೇಳಿದ್ದರು. ನಾನು ನಂಬಿದೆ. ನಿನಗೆ ಹೊಸದು ಎಂದು ಯಾಕೆ ಹೇಳಿದೆ ಎಂದರೆ, ಮಗ ಕಳಿಸಿದ್ದು ಎಂದು ಅಮ್ಮ ಬಾಗಿಲಲ್ಲಿ ನಿಂತು ಸಾರುವಾಗ ಅದು ಹೊಸದೇ ಆಗಿರಬೇಕಿತ್ತು, ಅಷ್ಟೆ. ನೀನು ಕೆಂಪು ಗೆರೆಯ ವಿಷಯ ಬರೆದಾಗಲೇ ಒಳಗೆ ಏನೋ ಚುಚ್ಚಿತು. ಅದಕ್ಕೇ ಅಮ್ಮನ ನಾಲಿಗೆಯ ಮಾತು ಬಂದಾಗ ನನಗೆ ಉಸಿರು ಬಂದ ಹಾಗಾಯಿತು. ಫ್ರಿಜ್ಜಲ್ಲ, ಅಮ್ಮ ಎಂದುಕೊಂಡರೆ ನಾನು ಬಚಾವು.

ಮೇ ತಿಂಗಳಲ್ಲಿ ಗೋದಾಮಿನವನನ್ನು ಒತ್ತಾಯ ಮಾಡಿ ಕೇಳಿದೆ. ಜನ ವಾಪಸು ಕೊಟ್ಟ ಕೆಟ್ಟ ಮಾಲನ್ನೂ ಒರೆಸಿ ಅದೇ ಗುಂಪಿಗೆ ಸೇರಿಸುತ್ತಾರೆ ಎಂದ. ಅವತ್ತೇ ನಿನಗೆ ಬರೆದೆ. ಯಾಕೆಂದು ಬರೆಯಲು ಮಾತ್ರ ಕೈ ಬರಲಿಲ್ಲ.

ನಿನ್ನ ಹದಿನಾರರ ಕಾಗದ ಹಿಡಿದುಕೊಂಡೇ ನಮ್ಮ ಮ್ಯಾನೇಜರ ಕೋಣೆಗೆ ಹೋದೆ. ಆತ ಕುರ್ಚಿ ಎಳೆದು ಕೂರಿಸಿದ. "ತಾಯಿಯವರ ವಿಷಯ ಕೇಳಿ ತುಂಬಾ ಬೇಜಾರಾಯ್ತು ಕಣಯ್ಯಾ. ಈಗಲೇ ಹೊಸ ಪೀಸು ಕಳಿಸೋಣ. ಇದು ನಮ್ಮ ನಮ್ಮಲ್ಲೇ ಇರ್ಲಿ" ಎಂದ. ನಾನು ತಲೆಯಾಡಿಸಿ ಬಂದೆ ಅಕ್ಕಾ. ಬರೀ ತಲೆಯಾಡಿಸಿ ಬಂದೆ.

ಆ ವಾರದ ಕೊನೆಯಲ್ಲಿ ರಿಯಾಯಿತಿ ಮಾರಾಟ. ಕೆಲಸಕ್ಕೆ ಜನ ಕಡಿಮೆಯೆಂದು ನನ್ನನ್ನು ಫ್ರಿಜ್ಜಿನ ವಿಭಾಗಕ್ಕೆ ಹಾಕಿದರು. ಗಂಡ ಹೆಂಡತಿ ಇಬ್ಬರು ಕೂಸನ್ನೆತ್ತಿಕೊಂಡು ಬಂದರು. ಮೂಲೆಯಲ್ಲಿದ್ದ ಒಂದನ್ನು ಮೆಚ್ಚಿದರು. ಅದರ ಮೇಲೂ ಅಂಟುಪಟ್ಟಿಯ ಮೇಲೊಂದು ಅಂಟುಪಟ್ಟಿ ಇತ್ತು. ಆಕೆ ನನ್ನನ್ನು ಕೇಳಿದಳು, "ಮಗುವಿನ ಹಾಲು ಇಡೋಕೆ ಅಣ್ಣಾ. ನಂಬಿ ತಗೋಬಹುದಾ?" ಬಾಯಿಪಾಠವಾಗಿದ್ದ ಮಾತನ್ನು ನಾನು ಬಿಟ್ಟುಬಿಟ್ಟೆ. "ಬೇಡ ಕಣಮ್ಮಾ. ಇದನ್ನ ಯಾರೋ ವಾಪಸು ಕೊಟ್ಟಿದ್ದಾರೆ. ಇಲ್ಲಿ ಯಾವುದನ್ನ ಕೊಂಡ್ರೂ ಮೊದಲು ವಾಪಸು ಬಂದದ್ದಾ ಅಂತ ಬಾಯಿಬಿಟ್ಟು ಕೇಳಿ" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ ಅಂತ ಕಾಣುತ್ತದೆ. ಸುತ್ತಲಿದ್ದವರೆಲ್ಲ ತಿರುಗಿದರು, ಮ್ಯಾನೇಜರೂ ತಿರುಗಿದ. ಮರುದಿನದಿಂದ ಬರಬೇಡ ಎಂದರು.

ಮ್ಯಾನೇಜರ್ ಹೇಳಿದ್ದ ಹೊಸ ಫ್ರಿಜ್ಜು ಅದಕ್ಕೂ ಮೊದಲೇ ನಿಮ್ಮಲ್ಲಿಗೆ ಹೊರಟಿತ್ತು. ಬಂದರೆ ಇಟ್ಟುಕೊಳ್ಳಿ.

ನಾನು ಊರಿಗೆ ಬರಲೇ? ಒಂದೇ ಒಂದು ಬೇಡಿಕೆ. ಅಮ್ಮನಿಗೆ ನೀನೇ ಏನಾದರೂ ಸಮಾಧಾನವಾಗಿ ಹೇಳಿಡು. ಗುಂಡನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳು. ಬೀಗದ ಮಾತು ನನ್ನದೆಂದು ಹೇಳಬೇಡ.

ಗುಂಡ


ಜೂನ್ ೧೪

ಗುಂಡಾ,

ಸಮಾಧಾನದ ಮಾತು ನನ್ನಿಂದ ಆಗಲಿಲ್ಲ. ಇಷ್ಟು ದಿನ ಅವಳ ಬೆನ್ನ ಹಿಂದೆ ಬರೆದದ್ದು ಸಾಕಾಗಿದೆ. ನಿನ್ನ ಕಾಗದವನ್ನು ಒಂದು ಅಕ್ಷರ ಬಿಡದೆ ಓದಿದೆ, ಕೊನೆಯ ಸಾಲನ್ನೂ ಸೇರಿಸಿ. ಅದಕ್ಕೂ ಮೊದಲು ನನ್ನವೆಲ್ಲವನ್ನೂ ಹೇಳಿದೆ: ದಿಂಬು ಎತ್ತಿದ್ದು, ಮೇಲಿನ ಮನೆಗೆ ಹೋದದ್ದು, ಬಾಯಿ ಮೂಸಿದ್ದು. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ, "ಬಾಗಿಲ ಮೇಲಿನ ಅಂಕಿ ಸುಳ್ಳು ಹೇಳಲ್ಲ, ಅಮ್ಮ ಹೇಳ್ತಾಳೆ. ಅಲ್ವೇನೇ?" ಎಂದಳು. ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು.

ಮರುದಿನ ಲಾರಿ ಬಂತು. ಮತ್ತೆ ಅದೇ ಮಾತು, ಮೊದಲು ಸಹಿ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಇಳಿಸಿ. ಬಿಚ್ಚಿ. ವೈರು ಹಾಕಿ" ಎಂದಳು.

"ಹಾಗೆಲ್ಲ ಮಾಡೋಕಾಗಲ್ಲ ಅಜ್ಜೀ, ಇನ್ನೂ ನಾಲ್ಕು ಮನೆ ಇದೆ."

"ಆ ನಾಲ್ಕು ಮನೆಯವರಿಗೂ ಬಿಚ್ಚಿ ತೋರಿಸಿ. ಪುಣ್ಯ ಬರುತ್ತೆ."

ಬೀದಿಯವರೆಲ್ಲ ಸೇರಿದರು. ಬಿಚ್ಚಿದರು. ಅಮ್ಮ ಒಂದೊಂದು ಡಬ್ಬವನ್ನೂ ಹೊರಗೆಳೆಸಿ ಬೆರಳಾಡಿಸಿದಳು. ಡಾಕ್ಟರಮ್ಮನಿಂದ ತರಿಸಿಕೊಂಡಿದ್ದ ಉಷ್ಣಮಾಪಕವನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಆಮೇಲೆ ಕುರ್ಚಿ ತರಿಸಿ ಫ್ರಿಜ್ಜಿನ ಮುಂದೆಯೇ ಕೂತಳು. ಲಾರಿಯವರು ಜಗುಲಿಯ ಮೇಲೆ ಕೂತು ಕಾಯಬೇಕಾಯಿತು. ನಾನು ಕಾಫಿ ಕೊಟ್ಟೆ. ಕೊನೆಗೆ ಮಾಪಕ ತೆಗೆದು ತಾನೇ ನೋಡಿ, ನನಗೂ ತೋರಿಸಿ, ಆಮೇಲೆ ಸಹಿ ಹಾಕಿದಳು. ಹಳೆಯದನ್ನು ಕೊಂಡೊಯ್ಯುತ್ತೇವೆ ಎಂದರು. ಕೊಡಲಿಲ್ಲ. ಅದರ ಬಾಗಿಲ ಮೇಲೆ ನನ್ನಿಂದ ದೊಡ್ಡ ಅಕ್ಷರದಲ್ಲಿ "ಕೆಟ್ಟಿದೆ" ಎಂದು ಬಣ್ಣದಲ್ಲಿ ಬರೆಸಿದಳು. ಈಗ ಅದು ಹಿತ್ತಲಲ್ಲಿದೆ, ಇನ್ನು ಯಾರ ಮನೆಗೂ ಹೋಗುವಂತಿಲ್ಲ.

ಔಷಧಿಯನ್ನು ಮಾತ್ರ ಇನ್ನೂ ಮೇಲಿನ ಮನೆಯಲ್ಲೇ ಇಟ್ಟಿದ್ದಾಳೆ. "ಇರ್ಲಿ, ಸ್ವಲ್ಪ ದಿನ ನೋಡೋಣ" ಎನ್ನುತ್ತಾಳೆ. ನಾನು ಸೂಜಿ ಹಿಡಿದು ಹೋದರೆ ಬಾಟಲಿಯನ್ನು ತನ್ನ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತೋಳು ಚಾಚುತ್ತಾಳೆ. ನನಗೆ ಅದು ಸಲ್ಲಬೇಕಾದದ್ದೇ.

ನೀನು ಬರುವ ವಿಷಯ ಕೇಳಿದೆ. ಪೆನ್ನು ಕೊಡು ಎಂದಳು. ಕೆಳಗಿನ ಅಕ್ಷರಗಳು ಅವಳವೇ, ಸೊಟ್ಟಗಿವೆ, ನಾನು ತಿದ್ದಿಲ್ಲ.

ಅಕ್ಕ

*ಗುಂಡಾ, ಕೆಲಸ ಹೋಯ್ತು ಅಂತ ಕೇಳಿದೆ. ಆ ಕೂಸಿನ ತಾಯಿಗೆ ನಿಜ ಹೇಳಿದ್ದು ಒಳ್ಳೇದಾಯ್ತು. ನಾನು ಏನೂ ತಿಂದಿಲ್ಲ ಅಂತ ಅಕ್ಕನಿಗೆ ಹೇಳಿದೆ. ಕೇಳಿದ್ದಿದ್ದರೆ ನಿನಗೂ ಹೇಳ್ತಿದ್ದೆ, ನೀನು ಕೇಳಲಿಲ್ಲ. ಇನ್ನು ಕಾಗದ ಬರೀಬೇಡ. ಬಾ. ಎದುರಿಗೆ ಕೂತು ಕೇಳು.*